ಮಾರೆವ್ವನಿಗೆ ಹತ್ತಕ್ಕೆ ಎರಡು

ಎರಿಜಾಲಿಹಾಳದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹದಿನೇಳು ವರ್ಷಗಳಲ್ಲಿ ಆರು ಮಂದಿ ಮುಖ್ಯಗುರುಗಳು ಬಂದು ಹೋಗಿದ್ದಾರೆ. ಅಡುಗೆಮನೆಯ ಮಾರೆವ್ವ ಮಾತ್ರ ಇದ್ದಲ್ಲೇ ಇದ್ದಾಳೆ. ನೂರೆಂಬತ್ತು ಮಕ್ಕಳಲ್ಲಿ ಯಾರಿಗೆ ಬದನೆಕಾಯಿ ಆಗುವುದಿಲ್ಲ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಯಾರು ಮೊಟ್ಟೆ ತಿಂದದ್ದನ್ನು ಅವರ ಮನೆಯಲ್ಲಿ ಹೇಳಬಾರದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇಲಾಖೆಯ ಆ್ಯಪಿನಲ್ಲಿ ಇದನ್ನು ತುಂಬುವ ಕಾಲಂ ಇಲ್ಲವಾದ್ದರಿಂದ ಇದು ಜ್ಞಾನದ ಲೆಕ್ಕಕ್ಕೆ ಬರುವುದಿಲ್ಲ.

ಯಲಬುರ್ಗಾದಿಂದ ಕುಷ್ಟಗಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಸ್ವಲ್ಪ ತೂಕಡಿಸಿದರೂ ದಾಟಿಹೋಗುವಷ್ಟು ಸಣ್ಣ ಊರು ಅದು. ಮಾರೆವ್ವ ಹುಟ್ಟಿದ್ದು ಅಲ್ಲೇ, ಸೋದರಮಾವನ ಮಗ ಗವಿಸಿದ್ದಪ್ಪನನ್ನು ಮದುವೆಯಾಗಿ ನಿಂತದ್ದೂ ಅಲ್ಲೇ. ಗವಿಸಿದ್ದಪ್ಪ ಎರಡು ಎಕರೆ ಎರೆಹೊಲದಲ್ಲಿ ಕಡಲೆ ಬಿತ್ತುತ್ತಾನೆ. ಮಗಳು, ಅಳಿಯ ಇಬ್ಬರೂ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಅವರ ಮಗಳು ಅನುಷಾ ಅಜ್ಜಿಯ ಹತ್ತಿರ ಇದ್ದು ಅದೇ ಶಾಲೆಯಲ್ಲಿ ಏಳನೆಯ ತರಗತಿ ಓದುತ್ತಿದ್ದಳು.

ಮಾರೆವ್ವನೂ ಆ ಶಾಲೆಗೆ ಹೋಗಿದ್ದವಳೇ. ಮೂರನೆಯ ತರಗತಿಯ ನಡುವೆ ಬಿಟ್ಟಳು. ಬಿಟ್ಟ ಕಥೆ ಊರಿಗೆಲ್ಲ ಗೊತ್ತು. ಆಗ ಶರಣಬಸಪ್ಪ ಎಂಬ ಹೊಸ ಮಾಸ್ತರರು ಬಂದಿದ್ದರು. ಊರಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಅವರ ಕೋಣೆಗೆ ಕುಡಿಯುವ ನೀರು ತರಲು ಹೆಣ್ಣುಮಕ್ಕಳಿಗೆ ಪಾಳಿ ಹಚ್ಚಿದ್ದರು. ಗಂಡುಮಕ್ಕಳು ಮಗ್ಗಿ ಹೇಳುವ ಹೊತ್ತಿಗೆ ಹೆಣ್ಣುಮಕ್ಕಳು ಬಾವಿಯ ಹತ್ತಿರ ಇರುತ್ತಿದ್ದರು. ಒಂದು ದಿನ ಪಾಳಿ ಮಾರೆವ್ವನದು. ಎಂಟು ವರ್ಷದ ಹುಡುಗಿ, ಮಾಸ್ತರರ ಹಿತ್ತಾಳೆ ಕೊಡ ಹೊತ್ತು ಬರುವಾಗ ಬಾವಿಯ ಮೆಟ್ಟಿಲಲ್ಲಿ ಎಡವಿದಳು. ಕೊಡ ಒಂದು ಕಡೆ ನೆಗ್ಗಿತು. ಮತ್ತೆ ತುಂಬಿಕೊಂಡು, ನೆಗ್ಗಿದ ಮಗ್ಗುಲು ಕಾಣದಂತೆ ತಿರುಗಿಸಿ ಹೊತ್ತುಕೊಂಡು ಬಂದಳು. ಬಾಗಿಲಲ್ಲಿ ನಿಂತಿದ್ದ ಮಾಸ್ತರರಿಗೆ ಅದು ಕಂಡಿತು. ಬಂದು ಅವಳ ತಲೆಯಿಂದ ಕೊಡ ಇಳಿಸಿ ತಿರುಗಿಸಿ ನೋಡಿದರು. ಆಮೇಲೆ ಕಪಾಳಕ್ಕೆ ಹೊಡೆದು, ನೆಗ್ಗು ತೆಗೆಸಿಕೊಂಡು ಬರುವ ತನಕ ಶಾಲೆಗೆ ಕಾಲಿಡಬೇಡ ಅಂದರು. ಅವಳ ಅಪ್ಪ ಕೇಳಿ, "ಸಾಲಿಗೆ ಕಳಿಸಿದ್ದು ಅಕ್ಷರ ಕಲೀಲಿ ಅಂತ. ನೀರ ಹೊರಾಕ ನಮ್ಮ ಮನ್ಯಾಗ ಕೊಡ ಇಲ್ಲೇನು?" ಅಂದವನೇ ಮರುದಿನದಿಂದ ಮಗಳನ್ನು ಕಳೆ ತೆಗೆಯಲು ಹೊಲಕ್ಕೆ ಕರೆದುಕೊಂಡು ಹೋದ.

ಇದನ್ನು ಮಾರೆವ್ವ ಅತ್ತುಕೊಂಡು ಹೇಳುತ್ತಿರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಕ್ಕಳಿಗೆ ಸಾಂಬಾರು ಹಾಕುತ್ತ, ಮಾಸ್ತರರ ದನಿ ತೆಗೆದು, ಕೊಡ ತಿರುಗಿಸಿ ನೋಡುವುದನ್ನು ಸೌಟಿನಲ್ಲೇ ಮಾಡಿ ತೋರಿಸುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಶಾಲೆಯ ಯಾವ ಪಾಠವೂ ಅವರಿಗೆ ಅಷ್ಟು ಚೆನ್ನಾಗಿ ನೆನಪಿರಲಿಲ್ಲ.

ಶರಣಬಸಪ್ಪನವರು ಇತ್ತ ಮೆಟ್ಟಿಲು ಹತ್ತುತ್ತ ಹೋದರು. ಮುಖ್ಯಗುರುಗಳಾದರು, ಮೇಲ್ವಿಚಾರಕರಾದರು, ಕೊನೆಗೆ ದೊಡ್ಡ ಅಧಿಕಾರಿಯಾಗಿ ನಿವೃತ್ತರಾದರು. ನಿವೃತ್ತರಾದವರು ಸುಮ್ಮನಿರಲಾಗದೆ ಆತ್ಮಕಥೆ ಬರೆದರು. ಹೆಸರು ‘ಸೇವಾಪಥದ ಮೂವತ್ತೆಂಟು ಮೆಟ್ಟಿಲುಗಳು’. ಮುನ್ನುಡಿಯಲ್ಲಿ ಅವರ ಕೈಕೆಳಗೆ ಇದ್ದ ಒಬ್ಬರು ಹೊಗಳಿದ್ದರು, ಬೆನ್ನುಡಿಯಲ್ಲಿ ಇನ್ನೂ ಕೈಕೆಳಗೆ ಇರುವವರಂತೆ ಇನ್ನೊಬ್ಬರು ಹೊಗಳಿದ್ದರು. ಪ್ರತಿಯೊಂದು ಶಾಲೆಗೂ ಒಂದೊಂದು ಪ್ರತಿ ಬಂತು. ಎರಿಜಾಲಿಹಾಳದ ಪ್ರತಿ ಅಲ್ಮಾರಿಯೊಳಗೆ ಹೋಗಿ ಕೀಲಿ ಬಿತ್ತು.

ಅದು ಅಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಆ ವರ್ಷ ಏಳನೆಯ ತರಗತಿಯ ಮಕ್ಕಳಿಗೆ ಓದಿದ್ದು ತಿಳಿಯುತ್ತದೆಯೋ ಇಲ್ಲವೋ ನೋಡಬೇಕೆಂದು ಮೇಲಿನವರಿಗೆ ಅನ್ನಿಸಿತು. ಒಂದು ಗದ್ಯಭಾಗ, ಅದರ ಕೆಳಗೆ ಹತ್ತು ಪ್ರಶ್ನೆ. ಗದ್ಯಭಾಗ ಆತ್ಮಕಥೆಯದ್ದೇ ಆಗಿರಬೇಕೆಂದು ಸುತ್ತೋಲೆಯಲ್ಲಿತ್ತು. ಪ್ರಶ್ನೆ ತೆಗೆಯುವ ಸಮಿತಿಗೆ ಸಲಹೆಗಾರರಾಗಿದ್ದವರು ಶರಣಬಸಪ್ಪನವರು. ಅವರು ಸಂಕೋಚದಿಂದಲೇ ಒಂದು ಆತ್ಮಕಥೆ ಸೂಚಿಸಿದರು.

ಏಳನೆಯ ತರಗತಿಯ ಇಪ್ಪತ್ಮೂರು ಮಕ್ಕಳ ಮುಂದೆ ಬಂದ ಹಾಳೆಯಲ್ಲಿ ಹೀಗಿತ್ತು:

‘ಅದು ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿ. ಎರಿಜಾಲಿಹಾಳವೆಂಬ ಅಜ್ಞಾನದಲ್ಲಿ ಮುಳುಗಿದ ಕುಗ್ರಾಮ. ಒಂದು ಮುಂಜಾನೆ ಮಾರಿ ಎಂಬ ಎಂಟು ವರ್ಷದ ಬಾಲಕಿ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬರುತ್ತಿರುವುದನ್ನು ಕಂಡೆ. ನನ್ನ ಹೃದಯ ಕರಗಿ ನೀರಾಯಿತು. ನಾನೇ ಮುಂದೆ ಹೋಗಿ ಆ ಕೊಡವನ್ನು ನನ್ನ ಕೈಯಾರೆ ಇಳಿಸಿದೆ. ಬಾಲಕಿಯ ಕಣ್ಣಲ್ಲಿ ನೀರು ತುಂಬಿತು. ಮರುದಿನದಿಂದ ಅವಳು ಕೊಡ ಹೊರಲಿಲ್ಲ. ಆ ಬಾಲಕಿ ಇಂದು ಎಲ್ಲಿಯೋ ಉನ್ನತ ಹುದ್ದೆಯಲ್ಲಿದ್ದು ನನ್ನನ್ನು ನೆನೆಯುತ್ತಿರಬಹುದು.’

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಬಹಳ ಹುರುಪಿನಿಂದ ಬರೆಯತೊಡಗಿದರು. ಪರೀಕ್ಷೆಯಲ್ಲಿ ಗೊತ್ತಿರುವ ವಿಷಯ ಬಂದದ್ದು ಅವರ ಜನ್ಮದಲ್ಲಿ ಅದೇ ಮೊದಲು.

ಉತ್ತರಪತ್ರಿಕೆ ತಿದ್ದಲು ಕುಳಿತವರು ಕನ್ನಡ ಕಲಿಸುವ ಸುಮಂಗಲಾ ಟೀಚರು. ಅವರ ಎಡಗೈಯಲ್ಲಿ ಮೇಲಿನಿಂದ ಬಂದ ಮಾದರಿ ಉತ್ತರ. ‘ಲೇಖಕರು ಕೊಡವನ್ನು ಇಳಿಸಿದ್ದೇಕೆ?’ ಎಂಬ ಪ್ರಶ್ನೆಗೆ ಮಾದರಿ ಉತ್ತರ ‘ಬಾಲಕಿಯ ಮೇಲಿನ ಕರುಣೆಯಿಂದ’. ಹತ್ತೊಂಬತ್ತು ಮಕ್ಕಳು ‘ನೆಗ್ಗು ನೋಡಲು’ ಎಂದು ಬರೆದಿದ್ದರು. ‘ಬಾಲಕಿಯ ಕಣ್ಣಲ್ಲಿ ನೀರು ಬಂದದ್ದು: (ಅ) ಸಂತೋಷದಿಂದ (ಆ) ಕೃತಜ್ಞತೆಯಿಂದ (ಇ) ಎರಡರಿಂದಲೂ (ಈ) ಯಾವುದೂ ಅಲ್ಲ’. ಸರಿಯುತ್ತರ ‘ಇ’. ಇಪ್ಪತ್ಮೂರು ಮಕ್ಕಳೂ ‘ಈ’ಗೆ ಗುರುತು ಹಾಕಿದ್ದರು. ಒಬ್ಬ ಪಕ್ಕದಲ್ಲಿ ‘ಕಪಾಳಕ್ಕೆ ಬಿದ್ದದ್ದರಿಂದ’ ಎಂದು ಸೇರಿಸಿದ್ದ. ‘ಬಾಲಕಿ ಈಗ ಏನಾಗಿರಬಹುದು?’ ಎಂಬುದಕ್ಕೆ ‘ಇವತ್ತು ಪಲಾವ್ ಮಾಡುತ್ತಿದ್ದಾಳೆ’. ‘ಲೇಖಕರ ಸ್ಥಾನದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬುದಕ್ಕೆ ಅನುಷಾ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ‘ನನ್ನ ನೀರು ನಾನೇ ತಂದುಕೊಳ್ಳುತ್ತಿದ್ದೆ.’ ಘಟನೆಯಿಂದ ಕಲಿತ ಮೌಲ್ಯ ಯಾವುದು ಎಂದು ಕೇಳಿದ್ದಕ್ಕೆ ಒಬ್ಬಳು, ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಬೇಕು ಎಂದಿದ್ದಳು.

ಸುಮಂಗಲಾ ಗದಗಿನ ಕಡೆಯವರು. ಊರಿಗೆ ಬಂದು ವರ್ಷವಾಗಿರಲಿಲ್ಲ. ಮಕ್ಕಳೆಲ್ಲ ಕೂಡಿ ನಕಲು ಮಾಡಿದ್ದಾರೆಂದು ಮೊದಲು ಅಂದುಕೊಂಡರು. ಆದರೆ ಇಂಥ ಉತ್ತರ ಯಾವ ಗೈಡಿನಲ್ಲೂ ಇರಲಾರದು. ಪಲಾವಿನ ಉತ್ತರ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಮಾರೆವ್ವ ಅಕ್ಕಿ ಆರಿಸುತ್ತಿದ್ದಳು. ಜೊತೆಗಾರ್ತಿ ಇಮಾಮಬಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಮಾರೆವ್ವ, ನೀವು ಸಣ್ಣಾಕಿದ್ದಾಗ ಯಾರರೆ ಮಾಸ್ತರು ನಿಮ್ಮ ತಲಿ ಮ್ಯಾಲಿನ ಕೊಡ ಇಳಿಸಿದ್ರೇನು?"

"ಅಯ್ಯ, ನಿಮಗೂ ಹೇಳಿದ್ರೇನ್ರಿ ಅಕ್ಕೋರ ಈ ಹುಡುಗೂರು!" ಎಂದು ಮಾರೆವ್ವ ಅಕ್ಕಿಯ ಮೊರ ಕೆಳಗಿಟ್ಟಳು.

ಸುಮಂಗಲಾ ಗದ್ಯಭಾಗವನ್ನು ಓದಿ ಹೇಳಿದರು. ‘ಹೃದಯ ಕರಗಿ ನೀರಾಯಿತು’ ಎಂಬಲ್ಲಿ ಇಮಾಮಬಾನು, "ಮತ್ತ ಅದ ನೀರ ಕುಡೀಬೇಕಿತ್ತಿಲ್ಲೋ, ಹುಡುಗೂರ ಕಡಿಂದ ಯಾಕ ತರಿಸಿದಾ?" ಅಂದಳು. ಓದಿ ಮುಗಿದ ಮೇಲೆ ಸುಮಂಗಲಾಗೆ ಏನನ್ನಿಸಿತೋ, ಹತ್ತೂ ಪ್ರಶ್ನೆ ಮಾರೆವ್ವನಿಗೇ ಕೇಳಿ ಉತ್ತರ ಬರೆದುಕೊಂಡರು. ಆಮೇಲೆ ಮಾದರಿ ಉತ್ತರಕ್ಕೆ ಹಿಡಿದು ನೋಡಿದರು.

"ನಿಮಗ ಹತ್ತಕ್ಕ ಎರಡು ಬಂದಾವ ಮಾರೆವ್ವ. ಊರಿನ ಹೆಸರು ಒಂದು, ಹುಡುಗಿ ವಯಸ್ಸು ಒಂದು. ಉಳಿದದ್ದೆಲ್ಲ ತಪ್ಪು."

"ನನ್ನ ವಿಷಯದಾಗ?"

"ನಿಮ್ಮ ವಿಷಯದಾಗ. ಹಾಳ್ಯಾಗ ಏನೈತಿ ಅದರ ಮ್ಯಾಲ ಹೇಳ್ಬೇಕು. ಹೊರಗಿಂದ ತರಾಂಗಿಲ್ಲ."

"ನಾ ಹೊರಗಿನಾಕಿ ಆದ್ನೇನ್ರಿ?" ಎಂದು ಮಾರೆವ್ವ ಕೇಳಿದಳು. ಆ ಪ್ರಶ್ನೆಗೆ ಮಾದರಿ ಉತ್ತರ ಬಂದಿರಲಿಲ್ಲ.

ಅಂಕಗಳು ಆ್ಯಪಿಗೆ ಹೋದವು. ತಾಲೂಕಿನ ಎಲ್ಲ ಶಾಲೆಗಳ ಪಟ್ಟಿಯಲ್ಲಿ ಎರಿಜಾಲಿಹಾಳ ಕೊಟ್ಟಕೊನೆಗೆ ಕೆಂಪು ಬಣ್ಣದಲ್ಲಿ ಬಂತು. ನಾಲ್ಕನೆಯ ದಿನ ಮುಖ್ಯಗುರು ವೆಂಕಟೇಶರಿಗೆ ನೋಟಿಸು: ‘ತಮ್ಮ ಶಾಲೆಯ ಮಕ್ಕಳು ಸರಳ ಗದ್ಯವನ್ನೂ ಗ್ರಹಿಸಲು ಅಸಮರ್ಥರಾಗಿರುವುದು ಕಂಡುಬಂದಿದ್ದು, ಕಾರಣ ನೀಡುವುದು.’ ವೆಂಕಟೇಶರು ಕೆಟ್ಟವರಲ್ಲ. ಶೌಚಾಲಯಕ್ಕೆ ಬಾಗಿಲು ಹಾಕಿಸಿದವರು ಅವರೇ. ಆದರೆ ಮೇಲಿನಿಂದ ಬಂದ ಕಾಗದವನ್ನು ಅವರು ಎದ್ದು ನಿಂತೇ ಓದುತ್ತಿದ್ದರು. ಸಲಹೆಗಾರರೇ ಸುಳ್ಳು ಬರೆದಿದ್ದಾರೆಂದು ಹೇಳುವಂತಿಲ್ಲ, ಮಕ್ಕಳು ದಡ್ಡರೆಂದು ಒಪ್ಪುವಂತಿಲ್ಲ. ಎರಡು ದಿನ ತಿಣುಕಿ ಉತ್ತರ ಬರೆದರು: ‘ಸದರಿ ಘಟನೆಯ ಬಗ್ಗೆ ಮಕ್ಕಳಿಗೆ ಪೂರ್ವಜ್ಞಾನ ಇದ್ದುದರಿಂದ ಗ್ರಹಿಕೆಗೆ ಅಡ್ಡಿಯಾಗಿರುತ್ತದೆ.’

ಮೇಲಿನವರು ಅದನ್ನು ಒಪ್ಪಿಕೊಂಡರು. ಪೂರ್ವಜ್ಞಾನ ನಿವಾರಣೆಗಾಗಿ ಹದಿನೈದು ದಿನ ಪರಿಹಾರ ಬೋಧನೆ ನಡೆಸಬೇಕು, ಅನಂತರ ಮರುಪರೀಕ್ಷೆ, ನಡುವೆ ಲೇಖಕರೊಂದಿಗೆ ಸಂವಾದ ಏರ್ಪಡಿಸಬೇಕು ಎಂದು ಆದೇಶ ಬಂತು. ವೆಂಕಟೇಶರು ತಾವೇ ಅಡುಗೆಮನೆಯ ತನಕ ನಡೆದು ಬಂದರು.

"ಮಾರೆವ್ವ, ಹದಿನೈದು ದಿನ ಆ ಕೊಡದ ಸುದ್ದಿ ತಗೀಬ್ಯಾಡವಾ, ಕೈ ಮುಗೀತೀನಿ."

"ಸಾಂಬಾರ ಹಾಕೋ ಮುಂದ ಸುಮ್ಮ ನಿಂದ್ರಾಕ ಆಗಂಗಿಲ್ರಿ ಸರ."

"ಬ್ಯಾರೆ ಏನರೆ ಹೇಳು. ರಾಜಾನ ಕತಿ ಹೇಳು."

ಅದೇ ವಾರ ಇನ್ನೊಂದು ಕಾಗದ ಬಂತು. ಅರವತ್ತು ತುಂಬಿದ ಅಡುಗೆಯವರನ್ನು ಮಾರ್ಚ್ ಕೊನೆಗೆ ಬಿಡಿಸತಕ್ಕದ್ದು. ಪಟ್ಟಿಯಲ್ಲಿ ಮಾರೆವ್ವನ ಹೆಸರಿತ್ತು. ಅವಳಿಗೆ ಅರವತ್ತು ಹೇಗಾಯಿತೆಂದರೆ, ಆಧಾರ್ ಕಾರ್ಡ್ ಮಾಡಿಸುವ ದಿನ ಹುಟ್ಟಿದ ತಾರೀಖು ಕೇಳಿದ್ದಕ್ಕೆ ಅವಳು ಗೊತ್ತಿಲ್ಲ ಅಂದಿದ್ದಳು. ಯಂತ್ರದ ಮುಂದೆ ಕುಳಿತವನು ಅವಳ ಮುಖ ನೋಡಿ ಅಂದಾಜಿಗೆ ಒಂದು ಇಸವಿ ಒತ್ತಿದ್ದ. ನಾಲ್ಕು ತಾಸು ಬಿಸಿಲಲ್ಲಿ ಪಾಳಿ ನಿಂತ ಮುಖ ಅದು. ಹತ್ತು ವರ್ಷ ಹೆಚ್ಚು ಕಂಡಿದ್ದರಲ್ಲಿ ತಪ್ಪಿಲ್ಲ. ತಿದ್ದಿಸಬೇಕೆಂದರೆ ಶಾಲೆಯ ಹಳೆಯ ದಾಖಲಾತಿ ಪುಸ್ತಕ ಬೇಕು. ಅದನ್ನು ಗೆದ್ದಲು ತಿಂದು ರಟ್ಟು ಮಾತ್ರ ಉಳಿಸಿತ್ತು. ತಾಲೂಕಿನ ಕಚೇರಿಗೆ ಹೋಗಿ, "ನನಗ ಐವತ್ತರಿ" ಎಂದರೆ ಅಲ್ಲಿದ್ದವರು, "ಹೆಣಮಕ್ಕಳಿಗೆ ಯಾವಾಗ್ಲೂ ವಯಸ್ಸು ಕಮ್ಮಿನ ಬಿಡವ್ವ" ಎಂದು ನಕ್ಕರು.

ಎರಡು ದಿನ ಅವಳಿಗೆ ಕೆಲಸದ ಮೇಲೆ ಗಮನವಿರಲಿಲ್ಲ. ಅನ್ನ ತಳ ಹತ್ತಿತು. ಮೂರನೆಯ ದಿನ ಸುಮಂಗಲಾ ಪರಿಹಾರ ಬೋಧನೆ ಮಾಡುತ್ತಿದ್ದಾಗ ಕಿಟಕಿಯಿಂದ ಕೇಳಿಸಿತು. "ಬಾಲಕಿಗೆ ಎಷ್ಟು ವಯಸ್ಸು?" ಎಂದು ಟೀಚರು, "ಎಂಟು!" ಎಂದು ಮಕ್ಕಳು. ಮಾರೆವ್ವ ಸೌಟು ಹಿಡಿದುಕೊಂಡೇ ಕಿಟಕಿಗೆ ಬಂದಳು.

"ಅಕ್ಕೋರ, ಇಸವಿ ಯಾವದೈತ್ರಿ ಅದರಾಗ?"

"ಎಂಬತ್ತಮೂರು."

ಅವಳು ಬೆರಳು ಮಡಚಿ ಎಣಿಸಿದಳು. ಸುಮಂಗಲಾ ಹಲಗೆಯ ಮೂಲೆಯಲ್ಲಿ ಕಳೆದು ತೋರಿಸಿದರು. ಐವತ್ತರ ಹತ್ತಿರ ಬಂತು. ಮೂವತ್ತೆಂಟು ಮೆಟ್ಟಿಲಿನ ಆ ಪುಸ್ತಕದಲ್ಲಿ ನಿಜವಾದ ಒಂದು ಸಂಖ್ಯೆ ಇತ್ತು. ಅದು ಅವಳ ವಯಸ್ಸು.

ಸಂವಾದದ ದಿನ ಶರಣಬಸಪ್ಪನವರು ಬಿಳಿ ಅಂಗಿ, ಹೆಗಲಿಗೆ ಶಲ್ಯ ಹಾಕಿಕೊಂಡು ಕಾರಿನಲ್ಲಿ ಬಂದಿಳಿದರು. ಜೊತೆಗೆ ತಾಲೂಕಿನಿಂದ ಬಿಸಿಯೂಟದ ಸಾಹೇಬರೂ ಬಂದಿದ್ದರು. ಸಾಹೇಬರು ಒಂದು ಕಾಲದಲ್ಲಿ ಶರಣಬಸಪ್ಪನವರ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಈಗಲೂ ಅವರ ಕಾರಿನ ಬಾಗಿಲನ್ನು ತಾವೇ ತೆಗೆಯುತ್ತಿದ್ದರು. ಸಾಹೇಬರು ಅಕ್ಕಿ ಚೀಲ ನೋಡಲು ಉಗ್ರಾಣಕ್ಕೆ ಹೋದಾಗ ಮಾರೆವ್ವ ಚಹಾ ಹಿಡಿದುಕೊಂಡು ಮುಖ್ಯಗುರುಗಳ ಕೋಣೆಗೆ ಹೋದಳು. ಶರಣಬಸಪ್ಪನವರು ಒಬ್ಬರೇ ಕುಳಿತು ಭಾಷಣದ ಚೀಟಿ ನೋಡುತ್ತಿದ್ದರು. ಮುಖ ಎತ್ತದೆ ಲೋಟ ತೆಗೆದುಕೊಂಡರು.

"ನಾನ್ರೀ ಮಾರಿ," ಅಂದಳು.

"ಯಾವ ಮಾರಿ?"

"ನಿಮ್ಮ ಪುಸ್ತಕದಾಗಿನಾಕಿ."

ಅವರು ತಲೆ ಎತ್ತಿದರು. ಅವಳ ತಲೆಯ ಮೇಲಿನ ಅಡುಗೆಯ ಟೋಪಿ, ಮುಂದೆ ಕಟ್ಟಿಕೊಂಡ ಬಟ್ಟೆ, ಅರಿಶಿನ ಹತ್ತಿದ ಬೆರಳು ನೋಡಿದರು. ಉನ್ನತ ಹುದ್ದೆಯ ಯಾವ ಗುರುತೂ ಕಾಣಲಿಲ್ಲ. ಆದರೂ ಅವರ ಮುಖ ಅರಳಿತು, ಅದು ನಟನೆಯಾಗಿರಲಿಲ್ಲ. "ಹೌದೇನವಾ! ಬದುಕಿದ್ದೀಯಾ! ನೋಡು, ನಿನ್ನ ತಲಿ ಮ್ಯಾಲಿನ ಕೊಡ ನಾನ ಇಳಿಸಿದ್ದೆ. ನೆನಪೈತಿಲ್ಲೋ?"

"ಐತ್ರಿ. ಆಮ್ಯಾಲೆ ತಿರಿವಿ ನೋಡಿದ್ರಿ."

"ತಿರಿವಿ?"

"ನೆಗ್ಗು ಬಿದ್ದಿತ್ತಲ್ರೀ. ಕೊಡ ನಿಮ್ಮದು. ಕಪಾಳ ನಂದು."

ಶರಣಬಸಪ್ಪನವರು ಚಹಾ ಕೆಳಗಿಟ್ಟರು. ನಾಲ್ವತ್ತು ವರ್ಷ ಆ ಕಥೆಯನ್ನು ಸಭೆಯಿಂದ ಸಭೆಗೆ ಹೇಳಿಕೊಂಡು ಬಂದಿದ್ದರು. ಮೊದಲ ಸಲ ಕೊಡದ ಮಾಲೀಕನನ್ನು ಬಿಟ್ಟಿರಬೇಕು. ಮುಂದಿನ ಸಲ ಏಟನ್ನು ಬಿಟ್ಟಿರಬೇಕು. ಈಗ ಅವರ ನೆನಪಿನಲ್ಲಿ ಉಳಿದಿದ್ದದ್ದು ಕರಗಿದ ಹೃದಯ ಒಂದೇ.

"ಹಂಗ ಆಗಿತ್ತೇನು?" ಎಂದು ಮೆಲ್ಲಗೆ ಕೇಳಿದರು. ಬಾಗಿಲ ಕಡೆ ನೋಡಿ, ಇನ್ನೂ ಮೆಲ್ಲಗೆ, "ಈಗ ಇದನ್ನ ಎಲ್ಲಾರ ಮುಂದ ಹೇಳ್ತೀಯೇನು?"

"ಹುಡುಗೂರಿಗೆ ಗೊತ್ತೈತ್ರಿ. ಅದಕ್ಕ ಅವು ಫೇಲಾಗ್ಯಾವ." ಮಾರೆವ್ವ ಸೆರಗು ಸರಿಮಾಡಿಕೊಂಡಳು. "ನಾ ಹೇಳಾಂಗಿಲ್ಲ. ನನಗ ನಿಮ್ಮ ಕಡಿಂದ ಒಂದು ಕಾಗದ ಬೇಕು. ಎಂಬತ್ತಮೂರರಾಗ ಎಂಟು ವರ್ಷದಾಕಿ ಇದ್ಲು, ನನ್ನ ಹತ್ರ ಸಾಲಿ ಕಲ್ತಾಳ ಅಂತ ಬರದು ಸಹಿ ಮಾಡ್ರಿ. ಪುಸ್ತಕದಾಗ ಬರದದ್ದ ಬರೀರಿ, ಹೊಸಾದು ಏನೂ ಬ್ಯಾಡ."

ನಿವೃತ್ತ ಅಧಿಕಾರಿಗಳ ಚೀಲದಲ್ಲಿ ಹೆಸರು ಅಚ್ಚಾದ ಕಾಗದವೂ ಶಿಕ್ಕಾವೂ ಸದಾ ಇರುತ್ತವೆ. ಅವರು ಒಂದು ಪುಟ ಬರೆದರು. ‘ನನ್ನ ನೆಚ್ಚಿನ ಶಿಷ್ಯೆ’ ಎಂದು ಕೇಳದೆಯೇ ಸೇರಿಸಿದರು. ಶಿಕ್ಕಾ ಒತ್ತಿದರು. ಮಾರೆವ್ವ ಕಾಗದವನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು ಹೊರಬಂದಳು.

ಸಭೆ ಶಾಲೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ. ಶರಣಬಸಪ್ಪನವರು ಮಾತಿನ ನಡುವೆ, "ಆ ಮಾರಿ ಇಲ್ಲೇ ಇದ್ದಾಳೆ!" ಎಂದು ಕೈ ಚಾಚಿದಾಗ ವೆಂಕಟೇಶರು ಕುರ್ಚಿಯಿಂದ ಅರ್ಧ ಎದ್ದರು. ಮಾರೆವ್ವ ವೇದಿಕೆ ಹತ್ತಿದಳು. ಮೈಕು ಹಿಡಿದಳು. ಏಳನೆಯ ತರಗತಿಯ ಇಪ್ಪತ್ಮೂರು ಮಕ್ಕಳು ಕುತ್ತಿಗೆ ಎತ್ತಿ ನೋಡಿದರು. ಸೌಟಿಲ್ಲದ ಮಾರೆವ್ವನನ್ನು ಅವರು ಕಂಡಿದ್ದು ಕಡಿಮೆ.

"ಮಾಸ್ತರು ನನ್ನ ತಲಿ ಮ್ಯಾಲಿನ ಕೊಡ ಇಳಿಸಿದ್ದು ಖರೆ ಐತ್ರಿ," ಎಂದಳು. "ನನ್ನ ಕಣ್ಣಾಗ ನೀರ ಬಂದದ್ದೂ ಖರೆ. ಮರದಿನದಿಂದ ನಾ ಕೊಡ ಹೊರಲಿಲ್ಲ, ಅದೂ ಖರೆ. ಅವಾಗ ನನಗ ಎಂಟು ವರ್ಷ." ಬಿಸಿಯೂಟದ ಸಾಹೇಬರ ಕಡೆ ತಿರುಗಿ ಮತ್ತೊಮ್ಮೆ, "ಎಂಟು," ಎಂದಳು. ಇಳಿದುಬಂದಳು.

ಚಪ್ಪಾಳೆ ಜೋರಾಗಿ ಬಿತ್ತು. ಒಂದು ಸುಳ್ಳು ಮಾತೂ ಅದರಲ್ಲಿ ಇರಲಿಲ್ಲ. ವೆಂಕಟೇಶರು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಮಕ್ಕಳು ಈಗ ಪ್ರಶ್ನೆ ಕೇಳಬಹುದು ಎಂದರು. ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮೊದಲೇ ನಾಲ್ವರಿಗೆ ಬರೆದುಕೊಟ್ಟಿದ್ದರು. ಅನುಷಾ ಆ ನಾಲ್ವರಲ್ಲಿ ಇರಲಿಲ್ಲ. ಎದ್ದು ನಿಂತಳು.

"ಸರ, ಆ ಕೊಡ ಯಾರದಿತ್ರಿ?"

ಶರಣಬಸಪ್ಪನವರು ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಮಾರೆವ್ವ ನೆಲ ನೋಡುತ್ತಿದ್ದಳು. "ಬಹಳ ಒಳ್ಳೆಯ ಪ್ರಶ್ನೆ, ಮಗೂ," ಎಂದರು ಅವರು. ಇಷ್ಟು ಹೊತ್ತು ಇದ್ದ ಊರಿನ ಮಾತು ಹೋಗಿ ಪುಸ್ತಕದ ಮಾತು ಬಂದಿತ್ತು. "ಕೊಡ ಯಾರದು ಎಂಬುದು ಮುಖ್ಯವಲ್ಲ. ಅಕ್ಷರ ಮುಖ್ಯ." ಮತ್ತೆ ಚಪ್ಪಾಳೆ. ಅನುಷಾ ಕುಳಿತುಕೊಂಡಳು.

ಸಂಜೆ ಮನೆಯಲ್ಲಿ ಅವಳು ಅಜ್ಜಿಯ ಜೊತೆ ಮಾತಾಡಲಿಲ್ಲ. ಕಡಲೆ ಹಸನು ಮಾಡುತ್ತಿದ್ದ ಗವಿಸಿದ್ದಪ್ಪ, ಇಬ್ಬರ ಮುಖವನ್ನೂ ನೋಡಿ ಎಮ್ಮೆಗೆ ನೀರು ಕುಡಿಸಲು ಹೋದ. ರೊಟ್ಟಿ ಬಡಿಯುತ್ತಿದ್ದ ಮಾರೆವ್ವನ ಹಿಂದೆ ನಿಂತು ಅನುಷಾ ಕೊನೆಗೆ ಬಾಯಿ ಬಿಟ್ಟಳು.

"ಆಯಿ, ನಾವು ನಿನ್ನ ಸಲುವಾಗಿ ಫೇಲಾದ್ವಿ. ನೀ ಅವರ ಕಡೆ ಹೋದಿ."

"ನಾ ಸುಳ್ಳು ಹೇಳೀನೇನು?"

"ಕಪಾಳದ್ದು ಬಿಟ್ಟಿ."

ಮಾರೆವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ಬಿಟ್ಟೆ. ಅವನೂ ಬಿಟ್ಟ, ನಾನೂ ಬಿಟ್ಟೆ. ಅವ ಹೊಗಳಸ್ಕೊಳ್ಳಾಕ ಬಿಟ್ಟ. ನಾ ಮಾರ್ಚಿ ಆದ ಮ್ಯಾಲೂ ಒಲಿ ಮುಂದ ನಿಂದ್ರಾಕ ಬಿಟ್ಟೆ. ನಾ ಮನ್ಯಾಗ ಕುಂತ್ರ ಆ ಹುಡುಗೂರಿಗೆ ಯಾರು ಯಾವ ಕೈಲೆ ನೀಡ್ತಾರೋ ಏನೋ." ರೊಟ್ಟಿ ತಿರುವಿ ಹಾಕಿದಳು. ಆಮೇಲೆ, ಮೊಮ್ಮಗಳ ಮುಖ ನೋಡದೆ, "ನನಗೂ ಛಲೋ ಅನಿಸಿಲ್ಲ ಬಿಡು," ಎಂದಳು.

ಮಾರೆವ್ವನ ಕಾಗದ ತಾಲೂಕಿಗೆ ಹೋಯಿತು. ಬಿಸಿಯೂಟದ ಸಾಹೇಬರು ಶಿಕ್ಕಾ ನೋಡಿ, "ದೊಡ್ಡ ಸಾಹೇಬ್ರ ಬರದಾರಂದ ಮ್ಯಾಲೆ ಇನ್ನೇನೈತಿ," ಎಂದು ಪಟ್ಟಿಯಿಂದ ಅವಳ ಹೆಸರು ತೆಗೆದರು. ಹುಟ್ಟಿದವಳು ಸ್ವತಃ ಹೇಳಿದರೆ ನಗು ಬಂದಿದ್ದ ಅದೇ ವಯಸ್ಸು, ಕೊಡದ ಮಾಲೀಕರು ಬರೆದ ಮೇಲೆ ದಾಖಲೆಯಾಯಿತು.

ಮರುಪರೀಕ್ಷೆಯೂ ನಡೆಯಿತು. ಗದ್ಯ ಅದೇ, ಪ್ರಶ್ನೆಗಳೂ ಅವೇ. ಆದರೆ ಕಣ್ಣೀರಿನ ಪ್ರಶ್ನೆಯಲ್ಲಿ ‘ಯಾವುದೂ ಅಲ್ಲ’ ಎಂಬುದನ್ನು ಬಹಳ ಮಕ್ಕಳು ಆರಿಸಿಕೊಂಡಿದ್ದರೆಂಬ ಕಾರಣಕ್ಕೆ ಆ ಸಾಲನ್ನೇ ತೆಗೆದುಹಾಕಿದ್ದರು. ಇಪ್ಪತ್ತೆರಡು ಮಕ್ಕಳಿಗೆ ಹತ್ತಕ್ಕೆ ಹತ್ತು. ಅನುಷಾಗೆ ಒಂಬತ್ತು, ಕಣ್ಣೀರಿನ ಪ್ರಶ್ನೆಗೆ ಅವಳು ಗುರುತನ್ನೇ ಹಾಕಿರಲಿಲ್ಲ. ಪಟ್ಟಿಯಲ್ಲಿ ಎರಿಜಾಲಿಹಾಳ ಹಸಿರು ಬಣ್ಣಕ್ಕೆ ತಿರುಗಿ ತಾಲೂಕಿಗೇ ಮೊದಲನೆಯದಾಯಿತು. ಹದಿನೈದೇ ದಿನದಲ್ಲಿ ಮಕ್ಕಳ ಗ್ರಹಿಕೆಯನ್ನು ಇಷ್ಟು ಎತ್ತರಕ್ಕೆ ಒಯ್ದ ವಿಧಾನ ಯಾವುದೆಂದು ವಿವರಿಸಲು ವೆಂಕಟೇಶರನ್ನು ಕೊಪ್ಪಳಕ್ಕೆ ಕರೆಸಿದರು. ಅವರು ಅಲ್ಲಿ ಮುಕ್ಕಾಲು ಗಂಟೆ ಮಾತಾಡಿ, ಪ್ರಮಾಣಪತ್ರ ತಂದು ಗೋಡೆಗೆ ಹಾಕಿದರು. ಸುಮಂಗಲಾ ಅದರ ಕೆಳಗೆ ಕೂಡುವುದನ್ನು ಬಿಟ್ಟು ತಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡರು.

ಮಳೆಗಾಲದ ಹೊತ್ತಿಗೆ ‘ಮೂವತ್ತೆಂಟು ಮೆಟ್ಟಿಲುಗಳ’ ಎರಡನೆಯ ಮುದ್ರಣ ಬಂತು. ಅದರಲ್ಲಿ ಹೊಸ ಫೋಟೋ: ಬೇವಿನ ಗಿಡ, ಶಲ್ಯ, ಮೈಕು, ಮಾರೆವ್ವ. ಕೆಳಗೆ, ‘ಅಂದು ಲೇಖಕರು ಕೊಡ ಇಳಿಸಿದ ಬಾಲಕಿ ಇಂದು ಶಿಕ್ಷಣ ಇಲಾಖೆಯಲ್ಲೇ ಸೇವೆ ಸಲ್ಲಿಸುತ್ತಿದ್ದಾರೆ.’ ಅಡುಗೆಯ ಟೋಪಿಯನ್ನು ಫೋಟೋದ ಅಂಚಿನಲ್ಲಿ ಕತ್ತರಿಸಿದ್ದರು. ಇಮಾಮಬಾನು ನೋಡಿ, "ನಿನ್ನ ಬಡ್ತಿ ಆಗೇತೆ ಮಾರಕ್ಕ, ನಮಗ ಫೇಡೆ ಕೊಡಸ," ಎಂದಳು.

ಮಾರೆವ್ವ ಆ ಪುಸ್ತಕವನ್ನು ಸುಮಂಗಲಾ ಅವರಿಂದ ಕೇಳಿ ತೆಗೆದುಕೊಂಡಳು. ಮೂರನೆಯ ತರಗತಿಯಲ್ಲಿ ಬಿಟ್ಟ ಓದು ಅಕ್ಕಿ ಚೀಲ, ಎಣ್ಣೆ ಪಾಕೀಟು, ವಾರದ ಊಟದ ಪಟ್ಟಿ ಓದುತ್ತ ಹೇಗೋ ಉಳಿದುಕೊಂಡಿತ್ತು. ಮಕ್ಕಳು ಉಂಡು, ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. ಒತ್ತಕ್ಷರ ಬಂದಲ್ಲಿ, ಅದೇ ಶಾಲೆಯಲ್ಲಿ ಈಗ ಎಂಟನೆಯ ತರಗತಿಗೆ ಬಂದಿದ್ದ ಅನುಷಾಳನ್ನು ಕರೆಯುತ್ತಿದ್ದಳು. ಅನುಷಾ ಮೊದಮೊದಲು ಗಂಟುಮುಖ ಹಾಕಿಕೊಂಡೇ ಹೇಳಿಕೊಟ್ಟಳು, ಆಮೇಲೆ ತಾನೂ ಪಕ್ಕದಲ್ಲಿ ಕುಳಿತಳು. ಇನ್ನೂರ ಹನ್ನೆರಡು ಪುಟ. ದಸರಾ ರಜೆಯ ತನಕ ಹಿಡಿಯಿತು.

ಮುಗಿದ ದಿನ ಪುಸ್ತಕ ವಾಪಸು ಕೊಡಲು ಹೋದಾಗ ಸುಮಂಗಲಾ, "ಹ್ಯಾಂಗನಿಸ್ತು ಮಾರೆವ್ವ?" ಎಂದು ಕೇಳಿದರು.

"ಮೂವತ್ತೆಂಟು ವರ್ಷ ನೌಕರಿ ಮಾಡ್ಯಾರ್ರೀ ಅಕ್ಕೋರ. ಆ ಊರು ಈ ಊರು, ಸನ್ಮಾನ, ಭಾಷಣ, ಎಲ್ಲಾ ಅದಾವ. ಆದ್ರ ಇಡೀ ಪುಸ್ತಕದಾಗ ಈ ಮನಷ್ಯಾ ಒಂದ ಸಲಾನೂ ಉಂಡಿಲ್ಲ ನೋಡ್ರಿ. ಯಾರು ರೊಟ್ಟಿ ಬಡದ್ರು, ಯಾರು ನೀಡಿದ್ರು, ಒಂದ ಕಡೆನೂ ಬಂದಿಲ್ಲ. ಹೆಂಡ್ತಿ ಹೆಸರು ಮದುವಿ ಫೋಟೋದ ಕೆಳಗ ಒಮ್ಮೆ ಐತಿ, ಮುಗೀತು."

ಸುಮಂಗಲಾ ಪುಸ್ತಕ ತೆರೆದು ಹಾಳೆ ತಿರುವಿದರು. ಅವರೂ ಓದಿದ್ದರು, ಅವರಿಗೆ ಇದು ಹೊಳೆದಿರಲಿಲ್ಲ. ಅಲ್ಮಾರಿಯ ಕೀಲಿ ತೆಗೆದು, ಒಳಗೆ ಧೂಳು ಹಿಡಿದು ನಿಂತಿದ್ದ ಪುಸ್ತಕಗಳ ಸಾಲನ್ನು ತೋರಿಸಿದರು.

"ಬ್ಯಾರೆ ಯಾವದರೆ ಬೇಕೇನು?"

ಮಾರೆವ್ವ ಸೆರಗಿಗೆ ಕೈ ಒರೆಸಿಕೊಂಡು ಒಂದೊಂದೇ ಬೆನ್ನು ಓದುತ್ತ ಹೋದಳು. ಅನುಷಾ ಹಿಂದಿನಿಂದ ಬಗ್ಗಿ, "ದಪ್ಪಂದು ಬ್ಯಾಡ ಆಯಿ, ನನ್ನ ಪರೀಕ್ಷಾ ಅದಾವ," ಎಂದಳು. ಮಾರೆವ್ವ ದಪ್ಪದ್ದನ್ನೇ ಎಳೆದು ತೆಗೆದಳು.